ಪಾಲುಪಟ್ಟಿಯ ಓದು: ತಂದೆಯ ಭೂಮಿ ಮತ್ತು ಕನ್ನಡ ವಿಮರ್ಶೆಯ ಒಂದು ಮೌನ

1

ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿ ಮಂಡ್ಯವನ್ನು ದಾಟಿದ ಮೇಲೆ ಬರುವ ಸಣ್ಣ ನಿಲ್ದಾಣ ಯಲಿಯೂರು. ಸುತ್ತಲಿನದು ಕಬ್ಬು–ಭತ್ತಗಳ ಸೀಮೆ. ಈ ಸೀಮೆಯ ಯಾವ ಊರಿನಲ್ಲಾದರೂ ಸರಿ, ಮನೆಯ ಯಜಮಾನ ತೀರಿಕೊಂಡು, ತಿಥಿ ಕಳೆದು, ನೆಂಟರಿಷ್ಟರು ಹಿಂದಿರುಗಿದ ಮೇಲೆ ಒಂದು ಮಾತು ಮೆಲ್ಲನೆ ತಲೆಯೆತ್ತುತ್ತದೆ. ಜಮೀನು ಇನ್ನು ಯಾರ ಹೆಸರಿಗೆ? ಒಟ್ಟಿಗೆ ಇರುವುದೋ, ಬೇರೆಯಾಗುವುದೋ? ಬೇರೆಯಾಗುವುದೆಂದು ನಿಶ್ಚಯವಾದರೆ ಊರಿನ ನಾಲ್ಕು ಜನ ಹಿರಿಯರು ಜಗುಲಿಯ ಮೇಲೆ ಕೂರುತ್ತಾರೆ, ಬರೆಯಬಲ್ಲವನೊಬ್ಬ ಬರೆಯುತ್ತಾನೆ, ಪಾಲುದಾರರು ರುಜು ಇಲ್ಲವೆ ಹೆಬ್ಬೆಟ್ಟು ಹಾಕುತ್ತಾರೆ. ಹೀಗೆ ಹುಟ್ಟಿದ ಕಾಗದಕ್ಕೆ ಪಾಲುಪಟ್ಟಿ ಎಂದು ಹೆಸರು.

ಈ ಕಾಗದವನ್ನು ವಕೀಲರು ಓದುತ್ತಾರೆ, ಕಂದಾಯ ಇಲಾಖೆಯವರು ಓದುತ್ತಾರೆ, ವ್ಯಾಜ್ಯ ಹೂಡಿದವರು ಮತ್ತೆ ಮತ್ತೆ ಓದುತ್ತಾರೆ. ಸಾಹಿತ್ಯ–ಸಂಸ್ಕೃತಿಗಳ ವಿಮರ್ಶಕರು ಓದಿದ್ದು ವಿರಳ. ನಮ್ಮ ವಿಮರ್ಶೆಯಲ್ಲಿ ಪಾಲು ಎಂಬುದು ಬಹುಮಟ್ಟಿಗೆ ಒಡೆದ ಮನೆಯ ರೂಪಕ: ಕೂಡು ಕುಟುಂಬ ಒಂದು ಮೌಲ್ಯ, ಅದರ ವಿಭಜನೆ ಆ ಮೌಲ್ಯದ ಪತನ. ಈ ಓದಿಗೆ ಅದರದೇ ಆದ ಸತ್ಯವಿದೆ. ಆದರೆ ಪಾಲಾಗುವುದನ್ನು ಪತನವೆಂದಷ್ಟೇ ಓದಿದ ಕಾರಣದಿಂದ ಪಾಲಿನ ಕ್ರಮವನ್ನು, ಅದರಲ್ಲಿ ಯಾರ ಹೆಸರಿದೆ ಯಾರ ಹೆಸರಿಲ್ಲ ಎಂಬುದನ್ನು ನಾವು ಓದದೆ ಬಿಟ್ಟಿದ್ದೇವೆ ಎಂಬುದು ಪ್ರಸ್ತುತ ಲೇಖನದ ವಾದ. ಮನೆ ಒಡೆಯಿತೆಂದು ಮರುಗುವ ಕಥನಗಳಲ್ಲಿ ಆ ಮನೆಯಲ್ಲೇ ಹುಟ್ಟಿದ ಹೆಣ್ಣುಮಕ್ಕಳು ಯಾವ ಪಾಲಿಗೂ ಸೇರದೆ ಉಳಿದದ್ದು ಒಂದು ಘಟನೆಯಾಗಿ ಕಾಣಲೇ ಇಲ್ಲ.

2

ಮೊದಲು ಪದಗಳನ್ನು ಗಮನಿಸಬಹುದು. ಪಾಲು, ಭಾಗ, ಹಿಸ್ಸೆ, ವಿಭಾಗ ಎಂಬ ನಾಲ್ಕು ಪದಗಳೂ ಒಂದೇ ಕ್ರಿಯೆಯನ್ನು ಹೇಳುತ್ತವೆಯಾದರೂ ಅವು ಬಳಕೆಯಾಗುವ ನೆಲೆಗಳು ಬೇರೆ. ಪಾಲು ಮನೆಯ ಮಾತು. ಹಿಸ್ಸೆ ಸರ್ವೆ ದಾಖಲೆಯ ಮಾತು. ವಿಭಾಗ ಶಾಸ್ತ್ರದ ಮತ್ತು ನ್ಯಾಯಾಲಯದ ಮಾತು. ಇವುಗಳಿಗೆ ಹೊಂದಿಕೊಂಡ ಇನ್ನೊಂದು ಪದ ದಾಯಾದಿ. ಮೂಲದಲ್ಲಿ ದಾಯವನ್ನು, ಅಂದರೆ ವಂಶದಿಂದ ಬರುವ ಆಸ್ತಿಯನ್ನು ಪಡೆಯುವವನು ಎಂದಷ್ಟೇ ಅದರ ಅರ್ಥ. ಕನ್ನಡದ ಬಳಕೆಯಲ್ಲಿ ಅದು ವೈರಿ ಎಂಬ ಅರ್ಥದ ಅಂಚಿಗೆ ಬಂದು ನಿಂತಿದೆ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆ ಈ ಅರ್ಥಪಲ್ಲಟದ ಸಾರಾಂಶದಂತಿದೆ. ಗಾದೆಯಲ್ಲಿ ಅಕ್ಕತಂಗಿಯರಿಲ್ಲ ಎಂಬುದನ್ನೂ ಇಲ್ಲಿಯೇ ಗುರುತಿಸಿಕೊಳ್ಳಬೇಕು. ಪಾಲಿಲ್ಲದವರು ದಾಯಾದಿಗಳೂ ಆಗಲಾರರು. ಜಗಳವಾಡುವ ಅರ್ಹತೆಯೂ ಒಂದು ಹಕ್ಕಿನಿಂದಲೇ ಬರುತ್ತದೆ.

ವಿಭಾಗದ ಶಾಸ್ತ್ರಚರ್ಚೆಗೆ ಕನ್ನಡ ನಾಡು ಹೊರಗಿನದಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯನ್ನು ಶತಮಾನಗಳ ಕಾಲ ಆಳಿತು. ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆಯ ಮರಣದಿಂದಲ್ಲ ಎಂಬುದು ಅದರ ಮೂಲ ನಿಲುವು. ಈ ನಿಲುವಿನ ಪ್ರಕಾರ ವಿಭಾಗ ಹೊಸ ಒಡೆತನವನ್ನು ಹುಟ್ಟಿಸುವುದಿಲ್ಲ. ಇಡಿಯಾದುದರ ಮೇಲೆ ಮೊದಲೇ ಇರುವ ಹಲವರ ಒಡೆತನವನ್ನು ಬೇರೆ ಬೇರೆ ಭಾಗಗಳಲ್ಲಿ ನೆಲೆಗೊಳಿಸುತ್ತದೆ, ಅಷ್ಟೆ. ಅಂದರೆ ಶಾಸ್ತ್ರದ ದೃಷ್ಟಿಯಲ್ಲೂ ಪಾಲು ಒಂದು ವ್ಯವಸ್ಥೆ, ವಿನಾಶವಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶ ನಮ್ಮ ಚರ್ಚೆಯಲ್ಲಿ ಮರೆಯಾಗಿದೆ. ತಂದೆಯ ಕಾಲಾನಂತರ ಸೋದರರು ಪಾಲಾಗುವಾಗ ತಾಯಿಗೆ ಮಗನಿಗೆ ಸಮನಾದ ಅಂಶವನ್ನೂ, ಮದುವೆಯಾಗದ ಸೋದರಿಗೆ ಕಾಲಂಶವನ್ನೂ ಮಿತಾಕ್ಷರಾ ಹೇಳುತ್ತದೆ. ಸೋದರಿಯ ಕಾಲಂಶವೆಂದರೆ ಅವಳ ಮದುವೆಯ ಖರ್ಚು ಮಾತ್ರ ಎಂಬ ವಾದ ವಿಜ್ಞಾನೇಶ್ವರನ ಮುಂದೆ ಇತ್ತು. ಆತ ಅದನ್ನು ಒಪ್ಪಲಿಲ್ಲ. ಅದು ನಿಜವಾದ ಅಂಶವೇ ಎಂದು ನಿರ್ಣಯಿಸಿದ. ಮದುವೆ ಮಾಡಿ ಕೊಟ್ಟದ್ದೇ ಅವಳ ಪಾಲು ಎಂದು ಇಂದು ಊರ ಜಗುಲಿಯಲ್ಲಿ ಕೇಳಿಬರುವ ಮಾತಿಗೆ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ನೆಲದಲ್ಲಿ ಉತ್ತರ ಸಿಕ್ಕಿತ್ತು.

3

ಇನ್ನು ಪಾಲುಪಟ್ಟಿಯ ರಚನೆ. ಹಳೆಯ ಮೈಸೂರಿನ ಪಾಲುಪಟ್ಟಿಗಳಿಗೆ ಹೆಚ್ಚುಕಡಿಮೆ ಸ್ಥಿರವಾದ ಒಂದು ಧಾಟಿಯಿದೆ. ಮೊದಲು ತೀರಿಕೊಂಡವರ ಹೆಸರು ಮತ್ತು ವಂಶಾವಳಿ. ಅನಂತರ ಈವರೆಗೆ ಒಟ್ಟಿಗೆ ಬಾಳಿ ಬಂದದ್ದರ ಹೇಳಿಕೆ. ಆಮೇಲೆ ಬೇರೆಯಾಗಲು ಕಾರಣ. ಕಾರಣವನ್ನು ಹೇಳುವಾಗ ಬರೆಯುವವನು ಜಗಳದ ವಿವರಕ್ಕೆ ಹೋಗುವುದಿಲ್ಲ. ಒಟ್ಟಿಗೆ ಇರಲು ಅನುಕೂಲವಾಗದೆ ಇರುವುದರಿಂದ ಎಂಬಂಥ ಒಂದು ಮಾತಿನಲ್ಲಿ ವರ್ಷಗಳ ಮನಸ್ತಾಪ ಅಡಗಿಹೋಗುತ್ತದೆ. ಬಳಿಕ ಆಸ್ತಿಯ ವಿವರ: ಸರ್ವೆ ನಂಬರು, ಎಕರೆ–ಗುಂಟೆ, ತರಿಯೋ ಖುಷ್ಕಿಯೋ ಬಾಗಾಯ್ತೋ ಎಂಬುದು, ಕಂದಾಯ, ನಾಲ್ಕು ದಿಕ್ಕಿನ ಚೆಕ್ಕುಬಂದಿ. ಕೊನೆಯಲ್ಲಿ ಮನೆ, ಹಟ್ಟಿ, ಕಣ, ತಿಪ್ಪೆ, ಮರಗಳು, ಸಾಲ.

ಈ ಧಾಟಿಯನ್ನು ಒಂದು ಕಥನವಾಗಿ ಓದಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು, ಪಾಲುಪಟ್ಟಿ ಎಲ್ಲವನ್ನೂ ಬೇರ್ಪಡಿಸುವುದಿಲ್ಲ. ಬಾವಿಯನ್ನು ಕತ್ತರಿಸಲಾಗದು, ಆದ್ದರಿಂದ ನೀರಿಗೆ ಸರದಿಯ ದಿನಗಳು ನಿಗದಿಯಾಗುತ್ತವೆ. ಒಬ್ಬನ ಗದ್ದೆಗೆ ಹೋಗುವ ದಾರಿ ಇನ್ನೊಬ್ಬನ ಬದುವಿನ ಮೇಲೆಯೇ ಇರುತ್ತದೆ. ಕಣ ಒಂದೇ ಉಳಿಯುತ್ತದೆ. ತಾಯಿಯ ಜೀವನಾಂಶವನ್ನು ಎಲ್ಲರೂ ಹೊರಬೇಕಾಗುತ್ತದೆ. ಹೀಗೆ ಬೇರೆಯಾಗುವುದಕ್ಕೆಂದು ಬರೆದ ಕಾಗದವೇ ಒಟ್ಟಿಗೆ ಉಳಿಯಬೇಕಾದ ಸಂಗತಿಗಳ ಅತ್ಯಂತ ಖಚಿತವಾದ ಪಟ್ಟಿಯೂ ಆಗಿರುತ್ತದೆ. ಕೂಡು ಕುಟುಂಬದಲ್ಲಿ ಬಾಯಿಮಾತಿನಲ್ಲಿದ್ದ ಹೊಣೆ ಇಲ್ಲಿ ಅಕ್ಷರಕ್ಕೆ ಇಳಿಯುತ್ತದೆ.

ಎರಡನೆಯದು, ಈ ಪಟ್ಟಿಯಲ್ಲಿ ಸೋದರಿಯ ಸ್ಥಾನ. ಹಳೆಯ ಪಾಲುಪಟ್ಟಿಗಳಲ್ಲಿ ಅವಳು ಬರುವುದು ಸಾಮಾನ್ಯವಾಗಿ ಸಾಲದ ಮಗ್ಗುಲಲ್ಲಿ: ಇಂಥ ಸಾಲವನ್ನು ಇಂಥವನು ತೀರಿಸತಕ್ಕದ್ದು, ತಂಗಿಯ ಮದುವೆಯನ್ನು ಎಲ್ಲರೂ ಸೇರಿ ಮಾಡತಕ್ಕದ್ದು. ಅವಳು ಆಸ್ತಿಯ ಕಡೆಗಿಲ್ಲ, ಹೊರೆಯ ಕಡೆಗಿದ್ದಾಳೆ. ಅಪರೂಪಕ್ಕೆ ಅರಿಶಿನ–ಕುಂಕುಮಕ್ಕೆಂದು ಕೆಲವು ಗುಂಟೆ ಬಿಟ್ಟದ್ದುಂಟು. ಆಗಲೂ ಅದು ಕೊಡುಗೆಯ ಭಾಷೆ, ಹಕ್ಕಿನ ಭಾಷೆಯಲ್ಲ.

4

ಪಾಲಿನ ವಿಷಯವನ್ನು ಮಂಡ್ಯದಲ್ಲಿ ಇಟ್ಟು ಚರ್ಚಿಸಲು ಕಾರಣವಿದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆ, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ ಇವು ಈ ಸೀಮೆಯ ಭೂಮಿಯ ಬೆಲೆಯನ್ನೇ ಬದಲಿಸಿದವು. ರಾಗಿಯ ಹೊಲ ಕಬ್ಬಿನ ಗದ್ದೆಯಾದಾಗ ಪಾಲು ಎಂಬುದರ ಅರ್ಥವೂ ಬದಲಾಯಿತು. ಮಳೆಯನ್ನು ನೆಚ್ಚಿದ ಬೇಸಾಯದಲ್ಲಿ ಹೆಚ್ಚು ಕೈಗಳಿರುವ ದೊಡ್ಡ ಸಂಸಾರ ಒಂದು ಭದ್ರತೆ. ರೊಕ್ಕ ಕೈಗೆ ಬರುವ ಬೇಸಾಯದಲ್ಲಿ ಆ ರೊಕ್ಕ ಯಾರ ಕೈಗೆ ಎಂಬುದೇ ಪ್ರಶ್ನೆ.

ಈ ಬದಲಾವಣೆಯನ್ನು ಹತ್ತಿರದಿಂದ ಕಂಡವರು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್. 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಊರುಗಳಲ್ಲಿ ಕ್ಷೇತ್ರಕಾರ್ಯ ನಡೆಸಿ, ಅವುಗಳಿಗೆ ವಂಗಲ, ದಲೇನ ಎಂಬ ಮರೆಹೆಸರುಗಳನ್ನಿಟ್ಟು 1962ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಒಂದು ನಾಲೆಯ ನೀರು ಸಿಕ್ಕಿದ ಊರು. ಇನ್ನೊಂದು ನೀರಾವರಿ ಊರುಗಳ ನಡುವೆಯೇ ಒಣಗಿ ಉಳಿದದ್ದು. ನಗದು ಬೇಸಾಯ ಬಂದೊಡನೆ ಕೂಡು ಕುಟುಂಬ ಸಡಿಲಗೊಳ್ಳುವುದನ್ನು ಅವರು ಗುರುತಿಸಿದರು. 1970ರ ಸುಮಾರಿಗೆ ಮತ್ತೆ ಅದೇ ಊರುಗಳಿಗೆ ಬಂದು, 1973ರಲ್ಲಿ ಹೊರತಂದ ಗ್ರಂಥದಲ್ಲಿ ಇನ್ನೊಂದು ಬಗೆಯ ಕುಟುಂಬವನ್ನೂ ಅವರು ಚರ್ಚಿಸಿದರು: ಒಲೆ ಬೇರೆ, ವಾಸ ಬೇರೆ, ಆದರೆ ಬದುಕಿನ ವರಮಾನ ಮತ್ತು ಹೊಣೆಗಳಲ್ಲಿ ಒಪ್ಪಂದದ ಹಂಚಿಕೆ. ಒಟ್ಟು ಮತ್ತು ಒಡಕು ಎಂಬ ಎರಡೇ ಸ್ಥಿತಿಗಳಲ್ಲಿ ಯೋಚಿಸುವ ನಮ್ಮ ವಿಮರ್ಶೆಗೆ ಈ ಮೂರನೆಯ ಸ್ಥಿತಿ ಒಂದು ಪಾಠವಾಗಬೇಕಿತ್ತು.

ಇದಕ್ಕೂ ಮೊದಲು, 1948ರಲ್ಲಿ ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದ ಎಂ.ಎನ್. ಶ್ರೀನಿವಾಸ್ ಅವರು ಕೂಡು ಕುಟುಂಬವೊಂದರ ವ್ಯಾಜ್ಯವನ್ನೇ ವಸ್ತುವಾಗಿಸಿಕೊಂಡು 1952ರಲ್ಲಿ ಲೇಖನ ಬರೆದಿದ್ದರು. ಅವರ ರಾಮಪುರವೂ ಮರೆಹೆಸರಿನ ಊರೇ. ಜಗಳ ನಡೆಯುವಾಗ ಜನ ತಮ್ಮ ನಿಯಮಗಳನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಸುಮ್ಮನಿದ್ದ ನೆನಪುಗಳು ಸಾಕ್ಷ್ಯವಾಗುತ್ತವೆ. ಸಮಾಜಶಾಸ್ತ್ರ ಇಷ್ಟು ಬೇಗ ಕಂಡುಕೊಂಡ ಈ ಸಾಮಗ್ರಿಯ ಕಡೆಗೆ ಸಾಹಿತ್ಯ ವಿಮರ್ಶೆ ತಿರುಗಿ ನೋಡಲಿಲ್ಲ.

5

ಹಾಗಾದರೆ ನಮ್ಮ ಸೃಜನಶೀಲ ಕೃತಿಗಳು ಪಾಲನ್ನು ಹೇಗೆ ಕಂಡಿವೆ? ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರಲ್ಲಿ ಬಂತು. ತಂದೆಯನ್ನು ಕಳೆದುಕೊಂಡ ಹೂವಯ್ಯ ಮತ್ತು ಚಿಕ್ಕಪ್ಪ ಚಂದ್ರಯ್ಯಗೌಡರ ನಡುವಿನ ಬಿರುಕು ಮನೆಯ ಪಾಲಿನಲ್ಲಿ ಕೊನೆಗೊಂಡು, ಹೂವಯ್ಯ ತಾಯಿ ನಾಗಮ್ಮನೊಡನೆ ಕೆಳಕಾನೂರಿಗೆ ಹೋಗುತ್ತಾನೆ. ಈ ಪ್ರಸಂಗವನ್ನು ಹಳೆಯ ಯಜಮಾನಿಕೆ ಮತ್ತು ಹೊಸ ಆದರ್ಶಗಳ ಮುಖಾಮುಖಿಯೆಂದು ವಿವರಿಸುವುದು ರೂಢಿ. ಅದು ತಪ್ಪಲ್ಲ. ಆದರೆ ಕಾದಂಬರಿಯೊಳಗೆ ಪಾಲು ಪತನವಲ್ಲ, ಬಿಡುಗಡೆ ಎಂಬುದನ್ನು ಗಮನಿಸಬೇಕು. ಕೆಳಕಾನೂರು ಸಾಧ್ಯವಾಗುವುದೇ ಪಾಲಿನಿಂದ. ಗಂಡುಮಗನ ಪಾಲು ಅವನ ವ್ಯಕ್ತಿತ್ವಕ್ಕೆ ನೆಲೆ ಒದಗಿಸುತ್ತದೆ. ಅದೇ ಕೃತಿಯ ಹೆಣ್ಣುಮಕ್ಕಳ ಸ್ವಾತಂತ್ರ್ಯದ ಪ್ರಶ್ನೆ ಮಾತ್ರ ಮದುವೆಯ ಸುತ್ತಲೇ ಸುತ್ತಬೇಕಾಗಿದೆ. ನಿಲ್ಲಲು ಅವರಿಗೊಂದು ಕೆಳಕಾನೂರು ಇಲ್ಲ.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ 1970ರಲ್ಲಿ ಪ್ರಕಟವಾಯಿತು. ಹೆಸರೇ ಮನೆಯ ಒಡಕನ್ನು ಹೇಳುತ್ತದೆ. ಇಲ್ಲಿ ಜಮೀನು ಪಾಲಾಗಿ ಉಳಿಯುವುದಕ್ಕಿಂತ ಸಾಲಕ್ಕೆ ಸಿಕ್ಕಿ ಕೈಬಿಟ್ಟುಹೋಗುವುದೇ ಮುಖ್ಯ. ವಿಮರ್ಶೆ ನಂಜಮ್ಮನ ಸಹನೆ, ದುಡಿಮೆಗಳನ್ನು ಸಾಕಷ್ಟು ಚರ್ಚಿಸಿದೆ. ನನ್ನ ಗಮನ ಇನ್ನೊಂದು ಸಂಗತಿಯ ಕಡೆಗೆ: ಶ್ಯಾನುಭೋಗಿಕೆ ಗಂಡನ ಹೆಸರಿನಲ್ಲಿದ್ದರೂ ಊರಿನ ಲೆಕ್ಕ ಬರೆಯುವವಳು ನಂಜಮ್ಮ. ಯಾರ ಭೂಮಿ ಎಷ್ಟು, ಯಾವುದಕ್ಕೆ ಕಂದಾಯವೆಷ್ಟು ಎಂಬುದೆಲ್ಲ ಅವಳ ಕೈಬರಹದಲ್ಲಿದೆ. ಆ ಬರಹದಲ್ಲಿ ಅವಳಿಗೆ ತನ್ನದೆಂಬ ಭೂಮಿಯಿಲ್ಲ. ಕನ್ನಡ ಕಾದಂಬರಿಯಲ್ಲಿ ಹೆಣ್ಣು ಮತ್ತು ಭೂದಾಖಲೆಯ ಸಂಬಂಧವನ್ನು ಇದಕ್ಕಿಂತ ತೀಕ್ಷ್ಣವಾಗಿ ಹೇಳುವ ಚಿತ್ರ ನನಗೆ ಕಂಡಿಲ್ಲ.

ಮಂಡ್ಯದ ನೆಲದಿಂದಲೇ ಬಂದ ಇನ್ನೊಂದು ಪಠ್ಯ ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ ಚಲನಚಿತ್ರ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರದ ಸಹಲೇಖಕರು ಈರೇಗೌಡ. ಚಿತ್ರೀಕರಣ ನಡೆದದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ. ನೂರು ದಾಟಿದ ಸೆಂಚುರಿಗೌಡ ಸಾಯುತ್ತಾನೆ. ಜಮೀನು ಅವನ ಮಗ ಗಡ್ಡಪ್ಪನಿಗೆ ಬರಬೇಕು. ಗಡ್ಡಪ್ಪನಿಗೆ ಅದು ಬೇಡ. ಮೊಮ್ಮಗ ತಮ್ಮಣ್ಣ ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸಿ ಜಮೀನು ಮಾರಲು ಹೊರಡುತ್ತಾನೆ. ಪೌತಿ ಖಾತೆ ಎಂಬ ಕಂದಾಯ ಪದದೊಳಗಿನ ಸಾವನ್ನು ಇಷ್ಟು ಅಕ್ಷರಶಃ ತೆರೆದು ತೋರಿಸಿದ ಕೃತಿ ಇನ್ನೊಂದಿಲ್ಲ. ಆದರೂ ಕಥೆ ಚಲಿಸುವುದು ಅಜ್ಜ–ಅಪ್ಪ–ಮಗ ಎಂಬ ಗಂಡು ಸಾಲಿನಲ್ಲೇ. ಚಿತ್ರ ತನ್ನ ಸಮಾಜದ ವಾಸ್ತವಕ್ಕೆ ನಿಷ್ಠವಾಗಿದೆ. ವಿಮರ್ಶೆ ಕೇಳಬೇಕಾದ ಪ್ರಶ್ನೆಯನ್ನು ಚಿತ್ರವೇ ಕೇಳಬೇಕಾಗಿಲ್ಲ.

6

ಈಗ ಲೆಕ್ಕಕ್ಕೆ ಬರೋಣ. ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ: ತಾಯಿ ಮೊದಲೇ ತೀರಿಹೋಗಿದ್ದಾಳೆ, ಈಗ ತಂದೆ ತೀರಿಕೊಂಡಿದ್ದಾನೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮದುವೆಯಾಗದ ಮಗಳು, ಪಿತ್ರಾರ್ಜಿತ ಜಮೀನು 4 ಎಕರೆ 20 ಗುಂಟೆ, ಅಂದರೆ 180 ಗುಂಟೆ.

ಮಿತಾಕ್ಷರಾ ಕ್ರಮದಲ್ಲಿ ಜಮೀನನ್ನು ಮೂರು ಸಮಭಾಗ ಮಾಡಿ, ಒಂದು ಭಾಗದ ಕಾಲಂಶವನ್ನು ಸೋದರಿಗೆ ಕೊಟ್ಟು, ಮಿಕ್ಕದ್ದನ್ನು ಸೋದರರು ಹಂಚಿಕೊಳ್ಳಬೇಕು. ಅವಳಿಗೆ ಬರುವುದು 15 ಗುಂಟೆ. ಮೈಸೂರು ಸಂಸ್ಥಾನದ 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮದುವೆಯಾಗದ ಸೋದರಿಗೆ ಸೋದರನ ಪಾಲಿನ ನಾಲ್ಕನೆಯ ಒಂದಂಶವನ್ನು ಕೊಟ್ಟಿತು. ಆ ಲೆಕ್ಕದಲ್ಲಿ ಸೋದರರಿಗೆ ಎರಡೆರಡು ಎಕರೆ, ಅವಳಿಗೆ 20 ಗುಂಟೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬೇರೆ ಸೂತ್ರವನ್ನು ಅನುಸರಿಸಿತು: ತಂದೆ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಪಾಲಾಯಿತೆಂದು ಭಾವಿಸಿ, ತಂದೆಗೆ ಬಂದ ಮೂರನೆಯ ಒಂದಂಶವನ್ನು ಮಾತ್ರ ಮೂವರು ಮಕ್ಕಳಿಗೆ ಹಂಚುವುದು. ಮದುವೆಯಾದ ಮಗಳಿಗೂ ಅದು ಅನ್ವಯವಾಯಿತು. ಆದರೆ ಅವಳ ಪಾಲು ಮತ್ತೆ 20 ಗುಂಟೆಯೇ.

ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು ಮಗಳನ್ನು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳೆಂದು ಮಾಡಿತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 1993ರಲ್ಲಿ ಮದುವೆಯಾದ ಅಕ್ಕನಿಗೂ 1995ರಲ್ಲಿ ಮದುವೆಯಾದ ತಂಗಿಗೂ ಒಂದೇ ಮನೆಯಲ್ಲಿ ಬೇರೆ ಬೇರೆ ಹಕ್ಕು ಎಂಬ ಸ್ಥಿತಿ ಹುಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿದ್ದಿರಬೇಕೇ ಎಂಬ ಪ್ರಶ್ನೆಗೆ ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೌದೆಂದಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬೇಕಿಲ್ಲವೆಂದು ತೀರ್ಮಾನಿಸಿತು. ನಮ್ಮ ಕಲ್ಪಿತ ಮನೆಯಲ್ಲಿ ಇಂದು ಮೂವರಿಗೂ 60 ಗುಂಟೆ. ಹದಿನೈದರಿಂದ ಇಪ್ಪತ್ತು, ಇಪ್ಪತ್ತರಿಂದ ಅರವತ್ತು: ಇದು ಒಂಬತ್ತು ಶತಮಾನಗಳ ಕಥನ.

1933 ಎಂಬ ವರ್ಷವನ್ನು ಇಲ್ಲಿ ಮತ್ತೆ ನೆನೆಯಬೇಕು. ಮಂಡ್ಯಕ್ಕೆ ಸಕ್ಕರೆ ಕಂಪನಿಯೂ ಸಂಸ್ಥಾನದ ಹೆಣ್ಣುಮಕ್ಕಳಿಗೆ ಕಾಲುಪಾಲಿನ ಕಾಯ್ದೆಯೂ ಒಂದೇ ವರ್ಷ ಬಂದವು. ಕಬ್ಬು ಪ್ರತಿ ಗದ್ದೆಗೂ ಹಬ್ಬಿತು. ಕಾಲುಪಾಲು ಜಗುಲಿಯ ಪಂಚಾಯ್ತಿಯನ್ನೂ ನಮ್ಮ ಕಥನಗಳನ್ನೂ ದಾಟಿ ಒಳಗೆ ಬರಲಿಲ್ಲ. ‘ಕಾನೂರು ಹೆಗ್ಗಡಿತಿ’ಯ ಕಥೆಯ ಕಾಲ ಈ ಕಾಯ್ದೆಗಿಂತ ಹಿಂದಿನದಾದ್ದರಿಂದ ಕಾದಂಬರಿಕಾರರ ಮೇಲೆ ದೋಷವಿಲ್ಲ. ಕಾಯ್ದೆ ಬಂದ ಮೇಲೆ ಆ ಕೃತಿಯನ್ನು ಓದಿದ ವಿಮರ್ಶೆಗೆ ಈ ವಿನಾಯಿತಿ ಸಲ್ಲದು.

ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರೆ ಜಮೀನು ತುಂಡು ತುಂಡಾಗುತ್ತದೆ ಎಂಬ ಆಕ್ಷೇಪವಿದೆ. ಹಿಡುವಳಿ ಕಿರಿದಾಗುತ್ತಿರುವುದು ನಿಜವಾದ ಸಂಕಟ. ಆದರೆ ಈ ಭಯ ಮೂರನೆಯ ಗಂಡುಮಗು ಹುಟ್ಟಿದಾಗ ಯಾರ ಬಾಯಿಂದಲೂ ಬರಲಿಲ್ಲವೆಂಬುದನ್ನು ನೆನೆದರೆ, ಆಕ್ಷೇಪ ತುಂಡಿನ ಬಗ್ಗೆಯಲ್ಲ, ತುಂಡು ಯಾರ ಕೈಗೆ ಹೋಗುತ್ತದೆ ಎಂಬುದರ ಬಗ್ಗೆ ಎಂಬುದು ಸ್ಪಷ್ಟ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು: ಹೆಣ್ಣುಮಕ್ಕಳೇ ಪಾಲು ಬೇಡವೆನ್ನುತ್ತಾರಲ್ಲ? ಇಲ್ಲಿ ಜನಪದ ಗೀತೆಗಳ ತವರು ನಮ್ಮ ಮುಂದೆ ಬರುತ್ತದೆ. ತವರಿನ ಹಾಡುಗಳಲ್ಲಿ ಸೋದರಿ ತನಗಾಗಿ ಬೇಡುವುದು ಕಡಿಮೆ. ಅಣ್ಣತಮ್ಮಂದಿರ ಮನೆ ತಣ್ಣಗಿರಲಿ ಎಂದು ಹರಸುವುದೇ ಹೆಚ್ಚು. ನಮ್ಮ ಜಾನಪದ ವಿದ್ವಾಂಸರು ಇದನ್ನು ನಿಷ್ಕಾಮ ಪ್ರೀತಿಯೆಂದು ಬಣ್ಣಿಸಿದ್ದಾರೆ. ಅದು ಪ್ರೀತಿಯೇ ಸರಿ. ಜೊತೆಗೆ ಅದು ಒಂದು ತಿಳಿವಳಿಕೆಯೂ ಹೌದು: ಗೌರಿ ಹಬ್ಬದ ಬಾಗಿನ ಬರಬೇಕಾದರೆ, ಬಾಣಂತನಕ್ಕೆ ಹೋಗಲು ಮನೆಯಿರಬೇಕಾದರೆ, ಗಂಡನ ಮನೆಯಲ್ಲಿ ಕಷ್ಟವಾದಾಗ ಕೇಳುವವರಿರಬೇಕಾದರೆ ಪಾಲಿನ ಮಾತೆತ್ತಬಾರದು. ಪಾಲು ಬಿಟ್ಟು ಬಾಗಿನ ಪಡೆಯುವ ಈ ವಿನಿಮಯವನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತಿದೆ.

ಇತ್ತೀಚೆಗೆ ಅದನ್ನು ಬರೆದಿಡಲಾಗುತ್ತಿದೆ. ಅದರ ಹೆಸರು ಹಕ್ಕು ಖುಲಾಸೆ ಪತ್ರ. ತನ್ನ ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ ಎಂಬ ಒಕ್ಕಣೆಯ ಕೆಳಗೆ ಸೋದರಿ ರುಜು ಹಾಕುತ್ತಾಳೆ. ಕಾನೂನು ಬದಲಾಗಿರುವುದರಿಂದ ಅವಳ ರುಜುವಿಲ್ಲದೆ ಜಮೀನನ್ನು ನಿಶ್ಚಿಂತೆಯಿಂದ ಮಾರುವಂತಿಲ್ಲ, ಪಾಲು ಮಾಡಿಕೊಳ್ಳುವಂತಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಗಳಿಗೆ ಮತ್ತು ನ್ಯಾಯಾಲಯದ ಡಿಕ್ರಿಗಳಿಗೆ ರಕ್ಷಣೆಯಿದೆ. ಜಗುಲಿಯಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟ ನೋಂದಣಿಯಿಲ್ಲದ ಪಾಲುಪಟ್ಟಿಗೆ ಆ ಬಲ ಸುಲಭವಾಗಿ ಸಿಗದು. ಹೀಗಾಗಿ ಅನೇಕ ಮನೆಗಳಲ್ಲಿ ಹೆಣ್ಣುಮಗಳ ಹೆಸರು ತಂದೆಯ ಭೂಮಿಯ ದಾಖಲೆಯೊಳಗೆ ಮೊದಲ ಬಾರಿಗೆ ಬರುವುದು ಅಲ್ಲಿಂದ ಹೊರಡುವ ಸಲುವಾಗಿ. ಆ ರುಜು ಪ್ರೀತಿಯದೋ, ಭಯದ್ದೋ, ಎರಡೂ ಬೆರೆತದ್ದೋ ಎಂಬುದನ್ನು ಒಕ್ಕಣೆ ಹೇಳುವುದಿಲ್ಲ. ಹೇಳದೆ ಬಿಟ್ಟದ್ದನ್ನು ಓದುವುದೇ ವಿಮರ್ಶೆಯ ಕೆಲಸ.

7

ಪಾಲುಪಟ್ಟಿಯನ್ನು ಒಂದು ಸಾಂಸ್ಕೃತಿಕ ಪಠ್ಯವಾಗಿ ಓದಬೇಕೆಂಬುದು ಈ ಲೇಖನದ ಸೂಚನೆ. ಭೂಮಿ ಯೋಜನೆ ಬಂದ ಮೇಲೆ ಪಹಣಿ ಗಣಕಯಂತ್ರಕ್ಕೆ ಏರಿದೆ. ಸರ್ವೆ ನಂಬರಿನ ಒಂದು ಭಾಗದ ನೋಂದಣಿಗೆ 11ಇ ನಕ್ಷೆ ಬೇಕಾಗಿದೆ. ಕೈಬರಹದ ಹಳೆಯ ಪಾಲುಪಟ್ಟಿಗಳು ಮನೆಗಳ ಪೆಟ್ಟಿಗೆಗಳಲ್ಲಿ ಶಿಥಿಲವಾಗುತ್ತಿವೆ. ಶಾಸನಗಳನ್ನು, ಓಲೆಗರಿಗಳನ್ನು, ಕಡತಗಳನ್ನು ಸಂಗ್ರಹಿಸಿದ ನಾಡು ಇವುಗಳನ್ನೂ, ಒಡೆಯರ ಸಮ್ಮತಿಯಿಂದ ಮತ್ತು ಹೆಸರುಗಳನ್ನು ಮರೆಮಾಚಿ, ಸಂಗ್ರಹಿಸಿಡಬೇಕಾಗಿದೆ. ಪಾಲುಪಟ್ಟಿಯ ಭಾಷೆ, ಅದರ ಸಂಕ್ಷೇಪ, ಅದರ ಮುಚ್ಚುಮರೆ ಇವೆಲ್ಲ ಕನ್ನಡ ಗದ್ಯದ ಚರಿತ್ರೆಗೂ ಸೇರಿದವು.

ಅದಕ್ಕಿಂತ ಮುಖ್ಯವಾದದ್ದು, ಮನೆ ಒಡೆಯಿತು ಎಂದು ಹೇಳುವ ಮೊದಲು ಆ ಮನೆ ಯಾರದಾಗಿತ್ತು ಎಂದು ಕೇಳುವುದು. ಯಲಿಯೂರಿನ ಸೀಮೆಯಲ್ಲಿ ನಾಲೆಯ ನೀರು ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಬದುವನ್ನು ಕಡಿದೇ ಹರಿಯುತ್ತದೆ. ಸರದಿ ಸರಿಯಿದ್ದರೆ ಬದು ಕಡಿದದ್ದರಿಂದ ಯಾರಿಗೂ ನಷ್ಟವಿಲ್ಲ. ಪಾಲಿನ ಪ್ರಶ್ನೆಯೂ ಸರದಿಯದೇ. ಆ ಸರದಿಯಲ್ಲಿ ಅಕ್ಕತಂಗಿಯರಿಗೆ ನೀರು ತಿರುಗುವುದೇ ಇಲ್ಲವೆಂಬುದನ್ನು ನಮ್ಮ ಓದು ಇನ್ನಾದರೂ ದಾಖಲಿಸಬೇಕು.